‘ಮಳ್ಯಾಗ ಕಾಣಲಿಲ್ರೀ ಸಾಹೇಬ್ರ’

ಇವತ್ತು ರಾಜಕೀಯ ಬೇಡ. ಇವತ್ತು ಒಂದು ರಬ್ಬರ್ ಪಟ್ಟಿಯ ಬಗ್ಗೆ ಮಾತಾಡೋಣ. ಉದ್ದ ಒಂದೂವರೆ ಅಡಿಯಿಂದ ಎರಡು ಅಡಿ, ಬೆಲೆ ಕೆಲವು ನೂರು ರೂಪಾಯಿ. ನಿಮ್ಮ ಕಾರಿನ ಮುಂದಿನ ಗಾಜಿನ ಮೇಲೆ ವರ್ಷದಲ್ಲಿ ಎಂಟು ತಿಂಗಳು ಸುಮ್ಮನೆ ಮಲಗಿರುತ್ತೆ. ಉಳಿದ ನಾಲ್ಕು ತಿಂಗಳು ನಿಮ್ಮ ಜೀವ, ಎದುರಿಗೆ ಬರೋನ ಜೀವ, ಎರಡೂ ಅದರ ಮೇಲೆ ನಿಂತಿರುತ್ತೆ. ಹೌದು, ವೈಪರ್.

‘ಇದೇನ್ ಸ್ವಾಮಿ, ಪ್ರೈಮ್ ಟೈಮ್‌ನಲ್ಲಿ ವೈಪರ್ ಕಥೆ?’ ಅಂತ ನಗಬೇಡಿ. ಯಾಕೆ ಹೇಳ್ತಿದೀನಿ ಅನ್ನೋದಕ್ಕೆ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ತೀನಿ.

ಜುಲೈ ತಿಂಗಳ ಒಂದು ರಾತ್ರಿ. ಖಾನಾಪುರದಲ್ಲಿ ಮಲಪ್ರಭೆ ತುಂಬಿ ಹರೀತಿತ್ತು. ಸುದ್ದಿ ಮುಗಿಸಿ ಬೆಳಗಾವಿಗೆ ವಾಪಸ್ ಬರ್ತಾ ಇದ್ದೆ. ಗಾಡಿ ನನ್ನದೇ, ಓಡಿಸ್ತಿದ್ದವನೂ ನಾನೇ, ಪಕ್ಕದಲ್ಲಿ ಕ್ಯಾಮೆರಾಮನ್. ವೈಪರ್ ಒಂದು ತಿಂಗಳಿಂದ ಕಿರ್ರ್ ಕಿರ್ರ್ ಅಂತಿತ್ತು. ಚಾಲಕನ ಕಣ್ಣಿನ ನೇರಕ್ಕೇ ಒಂದು ಬಿಳಿ ಪಟ್ಟೆ ಉಳಿಸಿ ಹೋಗ್ತಿತ್ತು. ‘ಈ ಭಾನುವಾರ ಹಾಕಿಸ್ತೀನಿ’ ಅಂತ ನಾಲ್ಕು ಭಾನುವಾರ ಕಳೆದಿದ್ದೆ. ಎದುರಿನ ಲಾರಿಯ ಲೈಟು ಆ ಪಟ್ಟೆ ಮೇಲೆ ಬಿದ್ದದ್ದೇ ತಡ, ಗಾಜು ಪೂರ್ತಿ ಹಾಲು ಚೆಲ್ಲಿದ ಹಾಗಾಯ್ತು. ಲಾರಿ ದಾಟಿತು, ವೈಪರ್ ಒಮ್ಮೆ ಹೋಗಿ ಬಂತು, ಆಮೇಲೆ ಕಂಡದ್ದು ಒಬ್ಬ ಮನುಷ್ಯ. ತಲೆ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಸೈಕಲ್. ಇಟ್ಟಂಗಿ ಭಟ್ಟಿ ಕೆಲಸ ಮುಗಿಸಿ ಮನೆಗೆ ಹೊರಟವನಿರಬೇಕು. ಬ್ರೇಕ್ ತುಳಿದೆ. ಗಾಡಿ ಜಾರಿ ಜಾರಿ ನಿಂತಾಗ ಅವನಿಗೂ ಬಂಪರ್‌ಗೂ ನಡುವೆ ಒಂದು ಮೊಳ ಜಾಗ ಇತ್ತು.

ಅವನು ಬೈಯಲಿಲ್ಲ. ‘ಕಣ್ಣ ಕಾಣಂಗಿಲ್ಲೇನ್ರೀ?’ ಅಂದ, ಅಷ್ಟೇ. ನನ್ನ ಬಾಯಿಗೆ ಬಂದ ಮಾತು ಏನು ಗೊತ್ತಾ? ‘ಮಳ್ಯಾಗ ಕಾಣಲಿಲ್ಲಪ್ಪಾ.’

ಆ ಒಂದು ಮೊಳ ಜಾಗ ಇರದಿದ್ದರೆ ಇದೇ ಮಾತನ್ನ ನಾನು ಪೊಲೀಸ್ ಠಾಣೆಯಲ್ಲಿ ಹೇಳ್ತಿದ್ದೆ. ‘ಮಳ್ಯಾಗ ಕಾಣಲಿಲ್ರೀ ಸಾಹೇಬ್ರ.’ ನಾವೆಲ್ಲ ಇದನ್ನ ಒಂದು ಸಮಜಾಯಿಷಿ ಅಂದುಕೊಂಡಿದ್ದೀವಿ. ಕಾನೂನು ಹಾಗೆ ಅಂದುಕೊಂಡಿಲ್ಲ. ಕಾನೂನಿನ ಕಣ್ಣಲ್ಲಿ ಅದು ನೆಪ ಅಲ್ಲ, ತಪ್ಪೊಪ್ಪಿಗೆ. ಇವತ್ತಿನ ನನ್ನ ಮಾತು ಇಷ್ಟೇ.

ಇಲ್ಲಿನ ಮಳೆ ಬೇರೆ

ಬೆಳಗಾವಿಯವರಿಗೆ ಈ ರಸ್ತೆ ವಿವರಿಸೋದು ಬೇಕಿಲ್ಲ. ಬೇರೆ ಊರಿನ ವೀಕ್ಷಕರಿಗಾಗಿ ಹೇಳ್ತೀನಿ. ತಿಲಕವಾಡಿಯ ಮೂರನೇ ರೈಲ್ವೆ ಗೇಟ್ ದಾಟಿ, ಉದ್ಯಮಬಾಗದ ಕಾರ್ಖಾನೆಗಳನ್ನ ದಾಟಿ ಪೀರಣವಾಡಿಗೆ ಬಂದರೆ ದಾರಿ ಕವಲೊಡೆಯುತ್ತೆ. ಒಂದು ಮಚ್ಛೆ ಮೇಲಿಂದ ಖಾನಾಪುರಕ್ಕೆ, ಅಲ್ಲಿಂದ ಮುಂದೆ ಲೋಂಡಾ, ರಾಮನಗರ, ಅನಮೋಡ ಘಾಟ್, ಗೋವಾ. ಹಳಬರು ಇದನ್ನ ಇವತ್ತಿಗೂ 4ಎ ಅಂತಾರೆ, ಈಗಿನ ಹೆಸರು ರಾಷ್ಟ್ರೀಯ ಹೆದ್ದಾರಿ 748. ಇನ್ನೊಂದು ಕವಲು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಮೂಲಕ ಗೋವಾಕ್ಕೆ ಇಳಿಯುತ್ತೆ. ಮಲಪ್ರಭೆ ಹುಟ್ಟೋದೇ ಆ ಕಣಕುಂಬಿಯಲ್ಲಿ.

ಬೆಳಗಾವಿ ಪೇಟೆಯಲ್ಲಿ ಜಿಟಿಜಿಟಿ ಮಳೆ ಇದ್ದರೆ ಖಾನಾಪುರದಲ್ಲಿ ಜೋರು ಮಳೆ, ಜಾಂಬೋಟಿ ದಾಟಿದರೆ ಆಕಾಶವೇ ಬಾಯಿ ಬಿಟ್ಟ ಹಾಗೆ. ಐವತ್ತು ಕಿಲೋಮೀಟರ್ ಒಳಗೆ ಮೂರು ಥರದ ಮಳೆ. ಕಾಡು, ತಿರುವು, ಮಂಜು ಬೇರೆ. ಈ ದಾರಿಯಲ್ಲೇ ಬೆಳಗಾವಿಯ ತರಕಾರಿ ಗಾಡಿಗಳು ಬೆಳಗಾಗೋ ಮುಂಚೆ ಗೋವಾಕ್ಕೆ ಓಡ್ತವೆ. ಕಾಲೇಜು ಹುಡುಗರು ಬೈಕಿನಲ್ಲಿ ಹೋಗ್ತಾರೆ. ಮಚ್ಛೆಯ ವಿಟಿಯು, ಉದ್ಯಮಬಾಗದ ಪಾಳಿ ಕೆಲಸ, ಖಾನಾಪುರದ ಹಂಚು, ಇಟ್ಟಂಗಿ ಭಟ್ಟಿ... ರಸ್ತೆ ಬದಿಯಲ್ಲಿ ನಡೆಯೋರು, ಸೈಕಲ್ ತುಳಿಯೋರು ಇಲ್ಲಿ ಯಾವಾಗಲೂ ಇರ್ತಾರೆ. ಅವರ ಮೈಮೇಲೆ ಹೊಳೆಯೋ ಜಾಕೆಟ್ ಇರಲ್ಲ. ಅವರನ್ನ ನೋಡಬೇಕಾದ ಜವಾಬ್ದಾರಿ ಸ್ಟೇರಿಂಗ್ ಹಿಡಿದವನದು.

ಆ ಬಿಳಿ ಪಟ್ಟೆ ಎಲ್ಲಿಂದ ಬರುತ್ತೆ?

ನಾನು ಓದಿದ್ದು ಇಂಜಿನಿಯರಿಂಗ್. ಆದ್ದರಿಂದ ಸ್ವಲ್ಪ ಇಂಜಿನಿಯರಿಂಗ್ ಮಾತು, ಬೋರ್ ಮಾಡಲ್ಲ.

ವೈಪರ್ ನೀರನ್ನ ಒರೆಸಲ್ಲ, ಕೆರೆಯುತ್ತೆ. ರಬ್ಬರ್‌ನ ತುದಿ ಚೂಪಾದ ಅಂಚಿನ ಹಾಗಿರಬೇಕು. ಹೋಗುವಾಗ ಆ ಅಂಚು ಒಂದು ಕಡೆ ಬಾಗುತ್ತೆ, ಬರುವಾಗ ಮಗುಚಿಕೊಂಡು ಇನ್ನೊಂದು ಕಡೆ ಬಾಗುತ್ತೆ. ಹಾಗೆ ಮಗುಚಿಕೊಂಡಾಗ ಮಾತ್ರ ಗಾಜಿನ ಮೇಲೆ ಸಮನಾದ, ತೆಳುವಾದ ನೀರಿನ ಪೊರೆ ಉಳಿಯುತ್ತೆ, ಅದರ ಮೂಲಕ ನಮಗೆ ಕಾಣುತ್ತೆ.

ಈಗ ನಮ್ಮ ಬೇಸಿಗೆ ನೆನಪಿಸಿಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಗಾಡಿ ಬಿಸಿಲಲ್ಲಿ ನಿಂತಿರುತ್ತೆ. ಬಿಸಿಲಿನ ಶಾಖ ಮತ್ತು ಅತಿನೇರಳೆ ಕಿರಣಕ್ಕೆ ರಬ್ಬರ್ ಗಟ್ಟಿಯಾಗಿ ಅಂಚು ಬಿರಿಯುತ್ತೆ. ಮೇಲೆ ಕೆಂಪು ಮಣ್ಣಿನ ಧೂಳು. ಆ ಧೂಳಿನ ಮೇಲೆ ನಾವು ಒಣ ವೈಪರ್ ಆಡಿಸ್ತೀವಿ, ಅಂದರೆ ಗಾಜಿಗೂ ರಬ್ಬರ್‌ಗೂ ಉಪ್ಪುಕಾಗದ ತಿಕ್ಕಿದ ಹಾಗೆ. ಅಂಚು ದುಂಡಗಾಯ್ತು, ಮಗುಚೋದು ನಿಂತಿತು. ಆಮೇಲೆ ಅದು ಕೆರೆಯಲ್ಲ, ಬಳಿಯುತ್ತೆ. ನೀರು, ಡೀಸೆಲ್ ಹೊಗೆಯ ಜಿಡ್ಡು, ಮಣ್ಣು, ಮೂರನ್ನೂ ಗಾಜಿನ ತುಂಬ ಸಮನಾಗಿ ಬಳಿಯುತ್ತೆ. ಹಗಲು ಅಷ್ಟಾಗಿ ಗೊತ್ತಾಗಲ್ಲ. ರಾತ್ರಿ ಎದುರಿನ ಹೆಡ್‌ಲೈಟ್ ಬಿದ್ದಾಗ ಆ ಪೊರೆಯ ಒಂದೊಂದು ಹನಿಯೂ ಬೆಳಕನ್ನ ಚದುರಿಸುತ್ತೆ, ಗಾಜು ಪರದೆ ಆಗುತ್ತೆ.

ಈಗ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ವೈಪರ್ ನಿಮಿಷಕ್ಕೆ 45 ಸಲ ಹೋಗಿ ಬರುತ್ತೆ ಅಂದುಕೊಳ್ಳಿ, ಒಂದು ಸುತ್ತಿಗೆ ಗಾಡಿ 22 ಮೀಟರ್ ಓಡಿರುತ್ತೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗೋದಕ್ಕೆ ಒಂದೂವರೆ ಸೆಕೆಂಡ್ ಹಿಡಿಯಿರಿ. ಒಣ ರಸ್ತೆಯಲ್ಲಿ ಗಾಡಿ ನಿಲ್ಲೋದಕ್ಕೆ ಒಟ್ಟು 45 ಮೀಟರ್ ಬೇಕು, ಒದ್ದೆ ರಸ್ತೆಯಲ್ಲಿ 60 ಮೀಟರ್ ಆಸುಪಾಸು. ವೇಗ 80 ಆದರೆ ಒದ್ದೆ ರಸ್ತೆಯಲ್ಲಿ 95 ಮೀಟರ್ ಹತ್ತಿರ ಹೋಗುತ್ತೆ. ಟೈರು ಸವೆದಿದ್ದರೆ ಇನ್ನೂ ಜಾಸ್ತಿ. ನಿಮ್ಮ ಡಿಮ್ ಲೈಟು ಚೆನ್ನಾಗಿ ತೋರಿಸೋದು ಎಷ್ಟು ದೂರ? 40–50 ಮೀಟರ್.

ಅಂದರೆ, ಹೊಸ ವೈಪರ್ ಇದ್ದರೂ ಮಳೆಗಾಲದ ರಾತ್ರಿ 60ರಲ್ಲಿ ಹೋಗೋನು ಕಾಣೋದಕ್ಕಿಂತ ಮುಂದೆ ಓಡ್ತಿದ್ದಾನೆ. ಸವೆದ ವೈಪರ್ ಇದ್ದು, ಮನುಷ್ಯ ಕಾಣೋದು ಒಂದೇ ಒಂದು ಸೆಕೆಂಡ್ ತಡವಾದರೆ ಇನ್ನೂ 17 ಮೀಟರ್ ಹೋಯ್ತು. ನನ್ನ ಹತ್ತಿರ ಉಳಿದದ್ದು ಒಂದು ಮೊಳ.

ಕಾನೂನು ಏನು ಹೇಳುತ್ತೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 101ನೇ ನಿಯಮ ವೈಪರ್ ಬಗ್ಗೆಯೇ ಇದೆ. ಮುಂದಿನ ಗಾಜಿರೋ ವಾಹನಕ್ಕೆ ಸರಿಯಾಗಿ ಕೆಲಸ ಮಾಡೋ ವೈಪರ್ ಇರಲೇಬೇಕು. ಗಮನಿಸಿ, ‘ವೈಪರ್ ಇರಬೇಕು’ ಅಂತಷ್ಟೇ ಅಲ್ಲ, ಕೆಲಸ ಮಾಡಬೇಕು. ಲಾರಿ, ಬಸ್ಸು, ಟ್ಯಾಕ್ಸಿಗಳ ಫಿಟ್‌ನೆಸ್ ತಪಾಸಣೆಯ ಪಟ್ಟಿಯಲ್ಲೂ ವೈಪರ್ ಇದೆ. ಆದರೆ ನಮ್ಮ ನಿಮ್ಮ ಸ್ವಂತ ಕಾರು? ಮೊದಲ ನೋಂದಣಿ 15 ವರ್ಷಕ್ಕೆ. ಆ 15 ವರ್ಷ ಆರ್‌ಟಿಒ ಕಚೇರಿಯಲ್ಲಿ ನಿಮ್ಮ ವೈಪರ್ ಯಾರೂ ನೋಡಲ್ಲ. ಕೆಎ-22 ಅಂತ ಬೋರ್ಡು ಹಾಕಿಕೊಂಡ ಪ್ರತಿ ಕಾರಿಗೂ ಅಷ್ಟು ವರ್ಷ ಮಾಲೀಕನೇ ಇನ್‌ಸ್ಪೆಕ್ಟರ್.

ಇನ್ನು ಮುಖ್ಯವಾದದ್ದು, ಮೋಟಾರು ವಾಹನ ಕಾಯಿದೆ, 1988ರ 190ನೇ ಕಲಮು. ವಾಹನದಲ್ಲಿ ಅಪಾಯ ತರೋ ದೋಷ ಇದೆ. ಆ ದೋಷ ನಿಮಗೆ ಗೊತ್ತಿತ್ತು, ಅಥವಾ ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗ್ತಿತ್ತು. ಆದರೂ ರಸ್ತೆಗೆ ತಂದಿರಿ. ಇಷ್ಟಾದರೆ ಅಪರಾಧ. 2019ರ ತಿದ್ದುಪಡಿ ನಂತರ ಇದಕ್ಕೆ 1,500 ರೂಪಾಯಿವರೆಗೆ ದಂಡ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ, ಆಸ್ತಿ ಹಾಳಾದರೆ, ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

‘ಗೊತ್ತಾಗ್ತಿತ್ತು’ ಅನ್ನೋ ಆ ಪದ ಹಿಡಿದುಕೊಳ್ಳಿ. ಗೇರ್‌ಬಾಕ್ಸ್ ಒಳಗಿನ ಬಿರುಕು ನನಗೆ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ವೈಪರ್? ಅದು ಇರೋದೇ ಕಣ್ಣ ಮುಂದೆ! ಪ್ರತಿ ಸಲ ಕಿರ್ರ್ ಅಂತ ಕಿವಿ ಹಿಂಡುತ್ತೆ. ಇಡೀ ಗಾಡಿಯಲ್ಲಿ ‘ನನಗೆ ಗೊತ್ತಿರಲಿಲ್ಲ’ ಅಂತ ಹೇಳೋಕೆ ಸಾಧ್ಯವೇ ಇಲ್ಲದ ಭಾಗ ಅಂದರೆ ಇದೇ.

ಯಾರಾದರೂ ಸತ್ತರೆ ವಿಷಯ ಬೇರೆ ಮಟ್ಟಕ್ಕೆ ಹೋಗುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದವರಿಗೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಹಳೆಯ 304ಎ ಕಾಲದಲ್ಲಿ ಇದು ಎರಡು ವರ್ಷ ಇತ್ತು.

ಮಾಲೀಕರೇ, ಸ್ವಲ್ಪ ಈ ಕಡೆ ನೋಡಿ

190ನೇ ಕಲಮು ಓಡಿಸಿದವನನ್ನ ಮಾತ್ರ ಹಿಡಿಯಲ್ಲ. ಓಡಿಸೋಕೆ ಕಳಿಸಿದವನನ್ನ, ಬಿಟ್ಟವನನ್ನೂ ಹಿಡಿಯುತ್ತೆ. ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ.

ದಿನಾ ನಡೆಯೋ ಮಾತು ಇದು. ಟೆಂಪೋ ಡ್ರೈವರ್ ಹೇಳ್ತಾನೆ, ‘ಧಣ್ಯಾರ, ವೈಪರ್ ಹೋಗೇತ್ರೀ, ಹಾಕ್ಸಿ ಕೊಡ್ರಿ.’ ಧಣಿ ಹೇಳ್ತಾನೆ, ‘ಇವತ್ತೊಂದ್ ಟ್ರಿಪ್ ಹೊಡಕೊಂಡ್ ಬಾ, ಆಮ್ಯಾಲ ನೋಡೂಣು.’ ಆ ಒಂದು ಟ್ರಿಪ್‌ನಲ್ಲಿ ಏನಾದರೂ ಆದರೆ ಠಾಣೆಯಲ್ಲಿ ಕೂರೋನು ಡ್ರೈವರ್, ಲೈಸೆನ್ಸ್ ಹೋಗೋದು ಅವನದು, ಹೆಂಡತಿ ಮಕ್ಕಳು ಬೀದಿಗೆ ಬೀಳೋದು ಅವನವು. ನಾಲ್ಕುನೂರು ರೂಪಾಯಿ ಉಳಿಸಿದವನು ಅಂಗಡಿಯಲ್ಲಿ ಕೂತು ಚಹಾ ಕುಡೀತಿರ್ತಾನೆ. ಇದು ನ್ಯಾಯ ಅಲ್ಲ, ಕಾನೂನೂ ಇದನ್ನ ನ್ಯಾಯ ಅನ್ನಲ್ಲ. ಡ್ರೈವರ್ ಅಣ್ಣಂದಿರೇ, ಹೀಗೆ ಕೇಳಿದಾಗ ಬಾಯಲ್ಲಿ ಮಾತ್ರ ಹೇಳಬೇಡಿ. ಒಂದು ವಾಟ್ಸಾಪ್ ಮೆಸೇಜ್ ಹಾಕಿ, ವೈಪರ್ ಫೋಟೋ ಸಮೇತ. ನಾಳೆ ನಿಮ್ಮನ್ನ ಕಾಪಾಡೋದು ಅದೇ.

ಪರಿಹಾರದ ವಿಷಯಕ್ಕೆ ಬಂದರೆ, ‘ಗಾಡಿ ಕೆಟ್ಟಿತ್ತು, ನನ್ನ ತಪ್ಪಿಲ್ಲ’ ಅನ್ನೋ ವಾದ ಹೊಸದಲ್ಲ. 1977ರಲ್ಲೇ ಸುಪ್ರೀಂ ಕೋರ್ಟ್ ಮಿನು ಮೆಹ್ತಾ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಯಾಂತ್ರಿಕ ದೋಷ ಅಂತ ಹೇಳೋ ಮಾಲೀಕ, ಆ ದೋಷ ಒಳಗೆ ಅಡಗಿತ್ತು, ಸೂಕ್ತ ಎಚ್ಚರಿಕೆ ವಹಿಸಿದರೂ ಪತ್ತೆಯಾಗುವಂಥದ್ದಾಗಿರಲಿಲ್ಲ ಅಂತ ತಾನೇ ತೋರಿಸಿಕೊಡಬೇಕು. 2001ರ ಕೌಶ್ನುಮಾ ಬೇಗಂ ಪ್ರಕರಣ ಇನ್ನೂ ಮುಂದೆ ಹೋಯ್ತು. ಅಲ್ಲಿ ಜೀಪಿನ ಟೈರ್ ಸಿಡಿದು, ಗಾಡಿ ಪಲ್ಟಿಯಾಗಿ, ನಡೆದು ಹೋಗ್ತಿದ್ದವರು ಸತ್ತಿದ್ದರು. ಚಾಲಕನ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಆ ಕುಟುಂಬಕ್ಕೆ ಪರಿಹಾರ ಸಿಗಬೇಕು ಅಂತ ಕೋರ್ಟ್ ಹೇಳಿತು. ಏಕಾಏಕಿ ಸಿಡಿದ ಟೈರಿಗೇ ಹೀಗಾದರೆ, ತಿಂಗಳುಗಟ್ಟಲೆ ಕಿರುಚುತ್ತಿದ್ದ ವೈಪರ್‌ಗೆ ಏನು ಹೇಳ್ತೀರಿ?

‘ಇನ್ಶೂರೆನ್ಸ್ ಇದೆಯಲ್ಲ’ ಅಂತೀರಾ? ಇದೆ. ಪಾಲಿಸಿ ಚಾಲ್ತಿಯಲ್ಲಿದ್ದರೆ ಮೂರನೇ ವ್ಯಕ್ತಿಗೆ ಕೊಡಬೇಕಾದ ಪರಿಹಾರವನ್ನ ವಿಮಾ ಕಂಪನಿ ಬರೀ ವೈಪರ್ ನೆಪ ಹೇಳಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಕಾಯಿದೆ ಕಂಪನಿಗೆ ಕೊಟ್ಟಿರೋ ತಕರಾರುಗಳ ಪಟ್ಟಿಯಲ್ಲಿ ಅದಿಲ್ಲ. ಆದರೆ ನಿಮ್ಮ ಸ್ವಂತ ಗಾಡಿಯ ಡ್ಯಾಮೇಜ್ ಕ್ಲೇಮು? ಪಾಲಿಸಿಯ ಹಿಂದಿನ ಸಣ್ಣ ಅಕ್ಷರ ಓದಿ. ವಾಹನವನ್ನ ಸುಸ್ಥಿತಿಯಲ್ಲಿ ಇಟ್ಟುಕೊಳ್ಳೋದು ನಿಮ್ಮ ಹೊಣೆ ಅಂತ ಷರತ್ತು ಇರುತ್ತೆ. ಪಾಲಿಸಿಯೇ ಇಲ್ಲದಿದ್ದರೆ? ನ್ಯಾಯಮಂಡಳಿ ಲಕ್ಷಗಟ್ಟಲೆ ಪರಿಹಾರ ಬರೆದರೆ ಅದು ನಿಮ್ಮ ಹೊಲ, ನಿಮ್ಮ ಮನೆಯಿಂದಲೇ ಬರಬೇಕು. ಕೊಟ್ಟಿಗೆಯಲ್ಲಿ ವಿಮೆ ಇಲ್ಲದ ಟ್ರ್ಯಾಕ್ಟರ್ ನಿಲ್ಲಿಸಿಕೊಂಡವರು ಇವತ್ತು ರಾತ್ರಿ ಇದನ್ನ ಯೋಚಿಸಿ.

ದಾಖಲೆಯಲ್ಲಿ ಕಾಣದ ಕಾರಣ

2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತ, 1,68,491 ಸಾವು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಇದು. ಇದರಲ್ಲಿ ಹೆಚ್ಚಿನವು ಮಳೆಯಲ್ಲಿ ಆದವಲ್ಲ, ಒಳ್ಳೆ ಬಿಸಿಲಲ್ಲಿ ಆದವು. ಅದನ್ನ ಮುಚ್ಚಿಟ್ಟು ನಿಮ್ಮನ್ನ ಹೆದರಿಸೋದು ನನ್ನ ಉದ್ದೇಶ ಅಲ್ಲ. ಆದರೆ ನಮ್ಮ ಎಫ್‌ಐಆರ್‌ಗಳನ್ನ ಓದಿ ನೋಡಿ. ‘ಅತಿ ಜೋರಾಗಿ, ನಿಷ್ಕಾಳಜಿತನದಿಂದ ಚಲಾಯಿಸಿ’ ಅನ್ನೋ ಒಂದೇ ವಾಕ್ಯ. ಅಪಘಾತದ ನಂತರ ಮೋಟಾರು ವಾಹನ ಇನ್‌ಸ್ಪೆಕ್ಟರ್ ಗಾಡಿ ಪರೀಕ್ಷೆ ಮಾಡಿ ವರದಿ ಕೊಡ್ತಾರೆ. ಅಲ್ಲೂ ಕೊನೆಗೆ ಬಹಳ ಸಲ ಒಂದೇ ಸಾಲು: ‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ.’ ಬ್ರೇಕ್ ಸರಿ ಇತ್ತು, ಸ್ಟೇರಿಂಗ್ ಸರಿ ಇತ್ತು. ವೈಪರ್ ರಬ್ಬರ್ ಯಾರು ನೋಡಿದರು?

ನಮ್ಮ ಮಾಧ್ಯಮದ್ದೂ ಇದೇ ಕಥೆ. 2024ರ ಮೇ ತಿಂಗಳಲ್ಲಿ ಧಾರವಾಡ ಕಡೆಯ ಸರಕಾರಿ ಬಸ್ಸಿನ ಚಾಲಕರೊಬ್ಬರು ಒಂದು ಕೈಯಲ್ಲಿ ಕೊಡೆ ಹಿಡಿದು ಮಳೆಯಲ್ಲಿ ಬಸ್ ಓಡಿಸಿದ ವಿಡಿಯೋ ಎಲ್ಲೆಡೆ ಓಡಾಡಿತು. ಛಾವಣಿ ಸೋರ್ತಿದೆ ಅಂತ ಗದ್ದಲ ಆಯ್ತು. ಸೋರಿಕೆ ಇರಲಿಲ್ಲ, ತಮಾಷೆಗೆ ಮಾಡಿದ ವಿಡಿಯೋ ಅಂತ ಸಂಸ್ಥೆ ಆಮೇಲೆ ಹೇಳಿತು. ಛಾವಣಿ ಸೋರಿತೋ ಇಲ್ಲವೋ ಅಂತ ಎಲ್ಲರೂ ಚರ್ಚಿಸಿದೆವು. ಮಳೆಯಲ್ಲಿ ಒಂದೇ ಕೈಯಲ್ಲಿ ಬಸ್ ಓಡಿಸುವಾಗ ಮುಂದಿನ ಗಾಜಲ್ಲಿ ರಸ್ತೆ ಎಷ್ಟು ಕಾಣ್ತಿತ್ತು ಅಂತ ಎಷ್ಟು ಜನ ಕೇಳಿದೆವು?

ಅದಕ್ಕೇ ಅಪಘಾತದಲ್ಲಿ ನೊಂದ ಕುಟುಂಬಗಳಿಗೆ ಒಂದು ಮಾತು. ಮಳೆಯಲ್ಲಿ ಅಪಘಾತ ಆಗಿದ್ದರೆ, ಡಿಕ್ಕಿ ಹೊಡೆದ ಗಾಡಿಯ ವೈಪರ್, ಟೈರ್, ಲೈಟ್‌ಗಳ ಫೋಟೋ ತೆಗೆಸಿ. ತಪಾಸಣೆ ವರದಿಯಲ್ಲಿ ಅವುಗಳ ಸ್ಥಿತಿ ಬರೆಯಿರಿ ಅಂತ ಪೊಲೀಸರಿಗೆ ಲಿಖಿತವಾಗಿ ಕೇಳಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿಯನ್ನ ನೀವು ವಾಸ ಇರೋ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. 2022ರ ಏಪ್ರಿಲ್ 1ರಿಂದ ಕಾಯಿದೆಯಲ್ಲಿ ಆರು ತಿಂಗಳ ಗಡುವು ಬಂದಿದೆ, ತಡ ಮಾಡಬೇಡಿ. ಯಾರ ತಪ್ಪು ಅಂತ ಸಾಬೀತು ಮಾಡೋ ಗೋಜಿಲ್ಲದೆ 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳೋ ದಾರಿಯೂ ಇದೆ.

ಹಾಗಂತ ಎಲ್ಲ ಹೊಣೆ ಚಾಲಕನ ತಲೆಗೆ ಕಟ್ಟಿ ಸರಕಾರ ಕೈ ತೊಳೆದುಕೊಳ್ಳೋ ಹಾಗಿಲ್ಲ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ 198ಎ ಕಲಮು ಹೇಳುತ್ತೆ. ಗುಂಡಿ ಮುಚ್ಚದವನೂ ಉತ್ತರ ಕೊಡಲಿ. ಆದರೆ ಗುಂಡಿ ಕಾಣಬೇಕಾದರೂ ಗಾಜು ಚೊಕ್ಕ ಇರಬೇಕಲ್ಲ?

ಐದು ನಿಮಿಷದ ಕೆಲಸ

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಒಂದು ಚೆಂಬು ನೀರು ತಗೊಳ್ಳಿ. ಗಾಜಿನ ಮೇಲೆ ಸುರಿದು ವೈಪರ್ ಹಾಕಿ. ಗೆರೆ ಗೆರೆ ಉಳಿದರೆ ಅಂಚಿನಲ್ಲಿ ಕೊಳೆ ಅಥವಾ ಬಿರುಕು. ಒದ್ದೆ ಬಟ್ಟೆಯಿಂದ ಅಂಚು ಒರೆಸಿ ಮತ್ತೆ ನೋಡಿ, ಹೋಗದಿದ್ದರೆ ಬದಲಿಸಿ. ಟಕ ಟಕ ಅಂತ ಹಾರಿ ಹಾರಿ ಹೋದರೆ ರಬ್ಬರ್ ಗಟ್ಟಿಯಾಗಿದೆ, ಇಲ್ಲವೇ ತೋಳು ಬಾಗಿದೆ. ಒಂದು ಕಡೆ ಮುಟ್ಟೋದೇ ಇಲ್ಲ ಅಂದರೆ ತೋಳಿನ ಸ್ಪ್ರಿಂಗ್ ಸಡಿಲ. ಆಗ ಬರೀ ರಬ್ಬರ್ ಹಾಕಿಸಿದರೆ ಪ್ರಯೋಜನ ಇಲ್ಲ. ಚಾಲಕನ ಕಡೆಯ ಅಳತೆ, ಪಕ್ಕದ ಅಳತೆ ಬಹಳ ಕಾರುಗಳಲ್ಲಿ ಬೇರೆ ಬೇರೆ, ನೋಡಿ ತಗೊಳ್ಳಿ. ನಮ್ಮ ಬಿಸಿಲಿಗೆ ಒಂದು ಜೊತೆ ಒಂದು ವರ್ಷ ಬಂದರೆ ದೊಡ್ಡದು. ಬಿಲ್ ಎಸೀಬೇಡಿ. ‘ನಾನು ಎಚ್ಚರಿಕೆ ವಹಿಸಿದ್ದೆ’ ಅನ್ನೋದಕ್ಕೆ ನಾಳೆ ಅದೇ ಸಾಕ್ಷಿ.

ಲಾರಿ ಅಣ್ಣಂದಿರು ಗಾಜಿಗೆ ತಂಬಾಕು ಉಜ್ಜೋ ಉಪಾಯ ಹೇಳ್ತಾರೆ. ನಿಪ್ಪಾಣಿ ಇರೋ ಜಿಲ್ಲೆ ನಮ್ಮದು, ತಂಬಾಕಿಗೇನು ಬರ! ಹನಿ ಕಟ್ಟೋದು ಸ್ವಲ್ಪ ಹೊತ್ತು ಕಮ್ಮಿ ಆಗಬಹುದು. ಆದರೆ ಜೋರು ಮಳೆಗೆ ಅದು ತೊಳೆದು ಹೋಗುತ್ತೆ, ವೈಪರ್‌ಗೆ ಬದಲಿ ಅಲ್ಲ. ಇನ್ನೊಂದು ತಪ್ಪು ತಿಳಿವಳಿಕೆ, ಗಾಜು ಮಂಜಾದಾಗ ವೈಪರ್ ಜೋರು ಮಾಡೋದು. ಆ ಮಂಜು ಬಹಳ ಸಲ ಒಳಗಿನದು. ಎಸಿ ಹಾಕಿ, ಗಾಳಿಯನ್ನ ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಬರೋ ಹಾಗೆ ಮಾಡಿ.

ದಾರಿಯಲ್ಲೇ ವೈಪರ್ ನಿಂತುಹೋದರೆ? ನಿಧಾನ ಮಾಡಿ, ಇಂಡಿಕೇಟರ್ ಹಾಕಿ, ರಸ್ತೆ ಬಿಟ್ಟು ಪೆಟ್ರೋಲ್ ಬಂಕ್, ಹೋಟೆಲ್ ಹತ್ತಿರ ನಿಲ್ಲಿಸಿ. ತಿರುವಿನಲ್ಲಿ, ರಸ್ತೆ ಮೇಲೆ ನಿಲ್ಲಿಸಬೇಡಿ. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ, ಮಳೆ ಕಮ್ಮಿ ಆಗೋವರೆಗೆ ಒಂದು ಚಹಾ ಕುಡಿಯಿರಿ. ತಲೆ ಹೊರಗೆ ಹಾಕಿ ಓಡಿಸೋ ಸಾಹಸ ಬೇಡ.

ಅಂದ ಹಾಗೆ, ಈ ವೈಪರ್ ಕಂಡುಹಿಡಿದ ಕಥೆಯೂ ಹೀಗೇ ಶುರುವಾಯ್ತು. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಅನ್ನೋ ಮಹಿಳೆ ಚಳಿಗಾಲದಲ್ಲಿ ನ್ಯೂಯಾರ್ಕ್‌ಗೆ ಹೋಗಿದ್ದರು. ಮುಂದೆ ಕಾಣೋದಕ್ಕೆ ಟ್ರಾಮ್ ಚಾಲಕ ಪಡ್ತಿದ್ದ ಪಾಡು ನೋಡಿದರು. ಒಳಗಿಂದಲೇ ಹಿಡಿಕೆ ತಿರುಗಿಸಿ ಗಾಜು ಒರೆಸೋ ಸಾಧನ ಯೋಚಿಸಿ 1903ರ ನವೆಂಬರ್‌ನಲ್ಲಿ ಪೇಟೆಂಟ್ ಪಡೆದರು. ಪ್ರಯಾಣಿಕರ ಸೀಟಿನಲ್ಲಿ ಕೂತಿದ್ದ ಒಬ್ಬರಿಗೆ ‘ಚಾಲಕನಿಗೆ ಕಾಣ್ತಿಲ್ಲ’ ಅನ್ನೋದು ಚಿಂತೆ ಆಯ್ತು. ನೂರಿಪ್ಪತ್ತು ವರ್ಷದ ಮೇಲೆ ಸ್ಟೇರಿಂಗ್ ಹಿಡಿದ ನಮಗೇ ಆ ಚಿಂತೆ ಇಲ್ಲ.

ನಾನು ಮಾರನೇ ದಿನ ಬೆಳಿಗ್ಗೆಯೇ ವೈಪರ್ ಹಾಕಿಸಿದೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷವನ್ನ ಒಂದು ತಿಂಗಳು ಮುಂದೂಡಿದ್ದೆ. ಆ ಕೊಪ್ಪೆ ಹೊದ್ದ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ, ಕೇಳೋ ಧೈರ್ಯ ಆಗಲಿಲ್ಲ. ಆದರೆ ಅವನ ಪ್ರಶ್ನೆ ಗೊತ್ತು. ‘ಕಣ್ಣ ಕಾಣಂಗಿಲ್ಲೇನ್ರೀ?’

ನಾಳೆ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ಒಂದು ಚೆಂಬು ನೀರು ಹಾಕಿ ನೋಡಿ.